ತಟ್ಟೆ ಮತ್ತು ಗುಳಿಗೆ: ವಯಸ್ಕರ ಮಧುಮೇಹದ ನಿರ್ವಹಣೆ

ವಯಸ್ಕರಲ್ಲಿ ಕಾಣಿಸಿಕೊಳ್ಳುವ ಮಧುಮೇಹವನ್ನು, ಅಂದರೆ ಇಂದಿನ ವೈದ್ಯಶಾಸ್ತ್ರವು ಎರಡನೆಯ ಬಗೆಯ ಮಧುಮೇಹ ಎಂದು ಗುರುತಿಸುವ ಕಾಯಿಲೆಯನ್ನು, ಪಥ್ಯದಿಂದ ಹತೋಟಿಗೆ ತರಬೇಕೋ ಗುಳಿಗೆಯಿಂದ ತರಬೇಕೋ ಎಂಬ ಪ್ರಶ್ನೆಯು ಎರಡರಲ್ಲಿ ಒಂದನ್ನು ಆರಿಸಿಕೊಳ್ಳಲೇಬೇಕು ಎಂಬ ಧಾಟಿಯಲ್ಲಿ ಮನೆಮನೆಗಳಲ್ಲಿ ಕೇಳಿಬರುತ್ತದೆ. ಕಟ್ಟುನಿಟ್ಟಾಗಿ ಪಥ್ಯ ಮಾಡಿದರೆ ಮಾತ್ರೆಯೇ ಬೇಡ ಎನ್ನುವವರು ಒಂದು ಕಡೆಗಿದ್ದರೆ, ಮಾತ್ರೆ ನುಂಗಿದ ಮೇಲೆ ಊಟದ ಲೆಕ್ಕವೇಕೆ ಎನ್ನುವವರು ಇನ್ನೊಂದು ಕಡೆಗಿದ್ದಾರೆ. ಕಳೆದ ನೂರು ವರ್ಷಗಳ ಸಂಶೋಧನೆಯನ್ನು ಒಟ್ಟಿಗೆ ಇಟ್ಟು ನೋಡಿದಾಗ ಈ ಎರಡೂ ನಿಲುವುಗಳು ಉಳಿಯುವುದಿಲ್ಲ. ಕಾಯಿಲೆ ಬಂದು ಎಷ್ಟು ವರ್ಷವಾಯಿತು, ದೇಹದಲ್ಲಿ ಇನ್ಸುಲಿನ್ ತಯಾರಿಸುವ ಶಕ್ತಿ ಎಷ್ಟು ಉಳಿದಿದೆ, ಹೃದಯ ಮತ್ತು ಮೂತ್ರಪಿಂಡಗಳ ಸ್ಥಿತಿ ಹೇಗಿದೆ ಎಂಬುದನ್ನು ಅನುಸರಿಸಿ ಆಹಾರದ ಪಾಲು ಮತ್ತು ಔಷಧದ ಪಾಲು ಎರಡೂ ಬದಲಾಗುತ್ತ ಹೋಗುತ್ತವೆ. ಒಂದನ್ನು ಬದಲಿಸಿದಾಗ ಇನ್ನೊಂದನ್ನು ಹೊಂದಿಸಿಕೊಳ್ಳದಿದ್ದರೆ ಅಪಾಯವೂ ಉಂಟಾಗುತ್ತದೆ. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯು 1,13,043 ಜನರನ್ನು ಪರೀಕ್ಷಿಸಿ 2023ರಲ್ಲಿ ಪ್ರಕಟಿಸಿದ ರಾಷ್ಟ್ರೀಯ ಸಮೀಕ್ಷೆಯ ಪ್ರಕಾರ ದೇಶದಲ್ಲಿ ಸುಮಾರು 10 ಕೋಟಿ 10 ಲಕ್ಷ ಮಧುಮೇಹಿಗಳೂ ಸುಮಾರು 13 ಕೋಟಿ 60 ಲಕ್ಷ ಮಂದಿ ಅದರ ಹೊಸ್ತಿಲಲ್ಲಿ ಇರುವವರೂ ಇದ್ದಾರೆ ಎಂಬುದನ್ನು ನೆನೆದರೆ, ಈ ಲೆಕ್ಕವನ್ನು ಸರಿಯಾಗಿ ತಿಳಿದುಕೊಳ್ಳುವುದು ಎಷ್ಟು ಮನೆಗಳಿಗೆ ಸಂಬಂಧಿಸಿದ ವಿಷಯ ಎಂಬುದು ಅರಿವಾಗುತ್ತದೆ.

ಕಾಯಿಲೆಯ ಮೂಲದಲ್ಲಿ ಎರಡು ಕೊರತೆಗಳು ಒಟ್ಟಿಗೆ ಕೆಲಸ ಮಾಡುತ್ತವೆ. ರಕ್ತದಲ್ಲಿರುವ ಗ್ಲೂಕೋಸನ್ನು ಜೀವಕೋಶಗಳ ಒಳಗೆ ಸೇರಿಸುವ ಹಾರ್ಮೋನಾದ ಇನ್ಸುಲಿನ್ ಇದ್ದರೂ ಸ್ನಾಯುಗಳು ಮತ್ತು ಯಕೃತ್ತು ಅದರ ಆಣತಿಗೆ ಸರಿಯಾಗಿ ಸ್ಪಂದಿಸದಿರುವುದು ಮೊದಲನೆಯದು. ಇದನ್ನು ಇನ್ಸುಲಿನ್ ಪ್ರತಿರೋಧ ಎನ್ನುತ್ತಾರೆ. ಆ ಪ್ರತಿರೋಧವನ್ನು ಮೀರಲು ಹೆಚ್ಚು ಹೆಚ್ಚು ಇನ್ಸುಲಿನ್ ಸುರಿಸಬೇಕಾದ ಮೇದೋಜೀರಕ ಗ್ರಂಥಿಯ ಬೀಟಾ ಕೋಶಗಳು ಕಾಲಕ್ರಮದಲ್ಲಿ ಸೋಲುತ್ತ ಬರುವುದು ಎರಡನೆಯದು. ರಾತ್ರಿಯಿಡೀ ಏನನ್ನೂ ತಿನ್ನದಿದ್ದರೂ ಬೆಳಗ್ಗೆ ಸಕ್ಕರೆಯ ಮಟ್ಟ ಏರಿರುವುದೇಕೆ ಎಂದು ಅನೇಕರು ಕಂಗಾಲಾಗುವುದುಂಟು. ಇನ್ಸುಲಿನ್ನಿನ ಹಿಡಿತ ಸಡಿಲವಾದಾಗ ಯಕೃತ್ತು ತಾನೇ ಗ್ಲೂಕೋಸನ್ನು ತಯಾರಿಸಿ ರಕ್ತಕ್ಕೆ ಬಿಡುವುದು ಇದಕ್ಕೆ ಮುಖ್ಯ ಕಾರಣ. ಖಾಲಿ ಹೊಟ್ಟೆಯ ರಕ್ತದಲ್ಲಿ ಪ್ರತಿ ಡೆಸಿಲೀಟರಿಗೆ 126 ಮಿಲಿಗ್ರಾಂ ಅಥವಾ ಅದಕ್ಕಿಂತ ಹೆಚ್ಚು, 75 ಗ್ರಾಂ ಗ್ಲೂಕೋಸ್ ಕುಡಿದ ಎರಡು ಗಂಟೆಗಳ ಬಳಿಕ 200 ಅಥವಾ ಹೆಚ್ಚು, ಇಲ್ಲವೇ ಹಿಂದಿನ ಎರಡು ಮೂರು ತಿಂಗಳ ಸರಾಸರಿಯನ್ನು ತೋರಿಸುವ ಎಚ್‌ಬಿಎ1ಸಿ ಪರೀಕ್ಷೆಯಲ್ಲಿ ಶೇಕಡಾ 6.5 ಅಥವಾ ಹೆಚ್ಚು ಬಂದು, ಲಕ್ಷಣಗಳಿಲ್ಲದವರಲ್ಲಿ ಅದು ಮರುಪರೀಕ್ಷೆಯಲ್ಲೂ ಖಚಿತವಾದರೆ ಮಧುಮೇಹವೆಂದು ನಿರ್ಣಯಿಸಲಾಗುತ್ತದೆ.

ಎರಡು ಬಗೆಯ ರೋಗಿಗಳಿಗೆ ಎರಡು ಬಗೆಯ ಉಪಚಾರ ಬೇಕೆಂಬ ಅರಿವು ಹೊಸತಲ್ಲ. ಸುಶ್ರುತ ಸಂಹಿತೆಯು ಪ್ರಮೇಹವನ್ನು ಹುಟ್ಟಿನಿಂದ ಬಂದದ್ದು ಮತ್ತು ಅಪಥ್ಯದಿಂದ ಬಂದದ್ದು ಎಂದು ವಿಂಗಡಿಸಿ, ಮೊದಲನೆಯ ರೋಗಿ ಸಾಮಾನ್ಯವಾಗಿ ಕೃಶನೆಂದೂ ಎರಡನೆಯವನು ಸ್ಥೂಲನೆಂದೂ ಗುರುತಿಸುತ್ತದೆ. ಕೃಶನಿಗೆ ಪೋಷಣೆಯನ್ನೂ ಸ್ಥೂಲನಿಗೆ ಆಹಾರದ ಕಡಿತ ಮತ್ತು ದೇಹಶ್ರಮವನ್ನೂ ವಿಧಿಸುತ್ತದೆ. ಆಧುನಿಕ ಕಾಲದಲ್ಲಿ ಈ ಭೇದಕ್ಕೆ ಪ್ರಯೋಗದ ಆಧಾರ ದೊರೆತದ್ದು ತಡವಾಗಿ. 1921ರಲ್ಲಿ ಟೊರಾಂಟೊದಲ್ಲಿ ಇನ್ಸುಲಿನ್ ಪತ್ತೆಯಾದಾಗ ಎಲ್ಲ ಮಧುಮೇಹವೂ ಇನ್ಸುಲಿನ್ನಿನ ಅಭಾವವೇ ಎಂಬ ಭಾವನೆ ಬಲವಾಗಿತ್ತು. 1936ರಲ್ಲಿ ಲಂಡನ್ನಿನ ಹೆರಾಲ್ಡ್ ಹಿಮ್ಸ್‌ವರ್ತ್ ಅವರು ಇನ್ಸುಲಿನ್ನಿಗೆ ಚೆನ್ನಾಗಿ ಸ್ಪಂದಿಸುವ ಮತ್ತು ಸ್ಪಂದಿಸದ ಎರಡು ಗುಂಪುಗಳಿವೆಯೆಂದು ತೋರಿಸಿದರು. ರೊಸಾಲಿನ್ ಯಾಲೊ ಮತ್ತು ಸಾಲೊಮನ್ ಬರ್ಸನ್ ಅವರು ರಕ್ತದಲ್ಲಿನ ಇನ್ಸುಲಿನ್ನನ್ನು ಅಳೆಯುವ ವಿಧಾನವನ್ನು ರೂಪಿಸಿದ ಮೇಲಂತೂ, ವಯಸ್ಸಾದ ಮೇಲೆ ಮಧುಮೇಹ ಬಂದ ಅನೇಕರ ರಕ್ತದಲ್ಲಿ ಇನ್ಸುಲಿನ್ ಧಾರಾಳವಾಗಿಯೇ ಇರುತ್ತದೆ ಎಂಬುದು ಸ್ಪಷ್ಟವಾಯಿತು.

ಭಾರತೀಯರ ವಿಷಯದಲ್ಲಿ ಸ್ಥೂಲ ಮತ್ತು ಕೃಶ ಎಂಬ ಗೆರೆ ಅಷ್ಟು ನೇರವಾಗಿ ಬೀಳುವುದಿಲ್ಲ. ತಕ್ಕಡಿಯಲ್ಲಿ ತೆಳ್ಳಗೆ ಕಾಣುವ ದೇಹದಲ್ಲಿಯೂ ಹೊಟ್ಟೆಯ ಒಳಗೆ ಮತ್ತು ಯಕೃತ್ತಿನಲ್ಲಿ ಕೊಬ್ಬು ತುಂಬಿರುವ ಸಂಗತಿಯನ್ನು ಪುಣೆಯ ವೈದ್ಯ ಚಿತ್ತರಂಜನ ಯಾಜ್ಞಿಕ್ ಅವರು ಬಹುಕಾಲ ಅಧ್ಯಯನ ಮಾಡಿ, ಅದರ ಬೇರು ತಾಯಿಯ ಗರ್ಭದವರೆಗೂ ಹೋಗುತ್ತದೆ ಎಂದು ವಾದಿಸಿದ್ದಾರೆ. ಈ ಚರ್ಚೆಗೆ ಮೈಸೂರಿನ ಕೊಡುಗೆ ದೊಡ್ಡದು. ಅಲ್ಲಿನ ಹೋಲ್ಡ್ಸ್‌ವರ್ತ್ ಸ್ಮಾರಕ ಆಸ್ಪತ್ರೆಯು 1934ರಿಂದ ಹೆರಿಗೆಯ ವಿವರಗಳನ್ನು ಕಾಪಾಡಿಕೊಂಡು ಬಂದಿದ್ದರಿಂದ, ಅಲ್ಲಿ ಹುಟ್ಟಿದವರನ್ನು ದಶಕಗಳ ಬಳಿಕ ಹುಡುಕಿ ಪರೀಕ್ಷಿಸಲು ಸಾಧ್ಯವಾಯಿತು. 1998ರಲ್ಲಿ ಪ್ರಕಟವಾದ ಆ ಅಧ್ಯಯನವು ಹುಟ್ಟುವಾಗ ಉದ್ದಕ್ಕೆ ಹೋಲಿಸಿದರೆ ತೂಕ ಹೆಚ್ಚಿದ್ದವರಲ್ಲಿ, ಅದರಲ್ಲೂ ಹೆಚ್ಚು ತೂಕದ ತಾಯಂದಿರ ಮಕ್ಕಳಲ್ಲಿ, ಮುಂದೆ ಮಧುಮೇಹದ ಪ್ರಮಾಣ ಹೆಚ್ಚೆಂದು ಕಂಡುಕೊಂಡಿತು. ಕಡಿಮೆ ತೂಕದ ಶಿಶುಗಳಿಗೇ ಅಪಾಯ ಹೆಚ್ಚೆಂದು ಇಂಗ್ಲೆಂಡಿನಿಂದ ಬಂದಿದ್ದ ಸಿದ್ಧಾಂತಕ್ಕೆ ಇದು ಮಹತ್ವದ ತಿದ್ದುಪಡಿಯಾಗಿತ್ತು. ಚಿಕಿತ್ಸೆಯ ದೃಷ್ಟಿಯಿಂದ ಇದರ ಫಲವೆಂದರೆ, ಭಾರತೀಯ ರೋಗಿಯನ್ನು ತೂಕದಿಂದಷ್ಟೇ ಅಳೆಯದೆ ಸೊಂಟದ ಸುತ್ತಳತೆಯನ್ನೂ ನೋಡಬೇಕು. ಗಂಡಸರಲ್ಲಿ 90 ಸೆಂಟಿಮೀಟರ್, ಹೆಂಗಸರಲ್ಲಿ 80 ಸೆಂಟಿಮೀಟರ್ ಮೀರಿದರೆ ಎಚ್ಚರ ವಹಿಸಬೇಕೆಂಬುದು ಇಲ್ಲಿನ ವೈದ್ಯರು ಒಪ್ಪಿರುವ ಮಿತಿ.

ಕಾಯಿಲೆಯ ನಡೆಯನ್ನು ಕಾಲದ ಉದ್ದಕ್ಕೂ ತೋರಿಸಿಕೊಟ್ಟ ಅಧ್ಯಯನವೆಂದರೆ ಆಕ್ಸ್‌ಫರ್ಡಿನ ರಾಬರ್ಟ್ ಟರ್ನರ್ ಮತ್ತು ರೂರಿ ಹೋಲ್ಮನ್ ಅವರ ಮುಂದಾಳುತನದಲ್ಲಿ 1977ರಿಂದ 1997ರವರೆಗೆ ಬ್ರಿಟನ್ನಿನ 23 ಕೇಂದ್ರಗಳಲ್ಲಿ ನಡೆದ ಪ್ರಯೋಗ. ಹೊಸದಾಗಿ ರೋಗ ಪತ್ತೆಯಾದ 5,102 ಮಂದಿಯನ್ನು ಸೇರಿಸಿಕೊಂಡ ಈ ಅಧ್ಯಯನದಲ್ಲಿ, ಔಷಧದಿಂದ ಬಿಗಿಯಾದ ಹತೋಟಿ ಸಾಧಿಸಿದ ಗುಂಪಿನ ಎಚ್‌ಬಿಎ1ಸಿ ಸರಾಸರಿ ಶೇಕಡಾ 7.0 ಇದ್ದರೆ, ಮುಖ್ಯವಾಗಿ ಆಹಾರ ನಿಯಮವನ್ನೇ ಅವಲಂಬಿಸಿದ ಗುಂಪಿನಲ್ಲಿ ಅದು 7.9 ಇತ್ತು, ಈ ಸಣ್ಣ ಅಂತರವೇ ಕಣ್ಣು, ಮೂತ್ರಪಿಂಡ ಮುಂತಾದ ಕಡೆ ಸೂಕ್ಷ್ಮ ರಕ್ತನಾಳಗಳಿಗೆ ಆಗುವ ಹಾನಿಯನ್ನು ಕಾಲುಭಾಗದಷ್ಟು ತಗ್ಗಿಸಿತು. ಅದಕ್ಕಿಂತ ಆಳವಾದ ಎರಡು ಪಾಠಗಳು ಇದರಿಂದ ದೊರೆತವು. ರೋಗ ಪತ್ತೆಯಾಗುವ ಹೊತ್ತಿಗೇ ಬೀಟಾ ಕೋಶಗಳ ಸಾಮರ್ಥ್ಯ ಹೆಚ್ಚುಕಡಿಮೆ ಅರ್ಧಕ್ಕೆ ಇಳಿದಿರುತ್ತದೆ ಮತ್ತು ಬಳಿಕವೂ ಇಳಿಯುತ್ತಲೇ ಹೋಗುತ್ತದೆ ಎಂಬುದು ಒಂದು: ಒಂದೇ ಔಷಧವನ್ನು ನೆಚ್ಚಿದವರಲ್ಲಿ ಮೂರು ವರ್ಷಗಳ ಬಳಿಕ ಸುಮಾರು ಅರ್ಧದಷ್ಟು ಮಂದಿ, ಒಂಬತ್ತು ವರ್ಷಗಳ ಬಳಿಕ ಸುಮಾರು ಕಾಲುಭಾಗ ಮಂದಿ ಮಾತ್ರ ಗುರಿಯೊಳಗೆ ಉಳಿದಿದ್ದರು. ಮೊದಲ ವರ್ಷಗಳಲ್ಲಿ ಸಾಧಿಸಿದ ಹತೋಟಿಯ ಫಲವು ಪ್ರಯೋಗ ಮುಗಿದು ಹತ್ತು ವರ್ಷ ಕಳೆದರೂ, ಎರಡೂ ಗುಂಪುಗಳ ಸಕ್ಕರೆಯ ಮಟ್ಟ ಒಂದೇ ಆದ ಮೇಲೂ, ಹೃದಯಾಘಾತ ಮತ್ತು ಸಾವಿನ ಪ್ರಮಾಣದಲ್ಲಿ ಕಾಣುತ್ತಿತ್ತು ಎಂಬುದು ಎರಡನೆಯದು. ಆದ್ದರಿಂದ ವರ್ಷಗಳು ಕಳೆದಂತೆ ಹೊಸ ಮಾತ್ರೆ ಸೇರುವುದನ್ನು ರೋಗಿಯ ಸೋಲೆಂದೋ ಪಥ್ಯಭಂಗಕ್ಕೆ ಸಿಕ್ಕ ಶಿಕ್ಷೆಯೆಂದೋ ಬಗೆಯುವುದು ಅನ್ಯಾಯ; ಆದರೆ ಆರಂಭದ ವರ್ಷಗಳನ್ನು ನೋಡೋಣ ಮಾಡೋಣ ಎಂದು ಕಳೆದುಬಿಡುವುದು ತುಂಬಲಾರದ ನಷ್ಟ.

ಆರಂಭದ ಆ ವರ್ಷಗಳಲ್ಲಿ ಆಹಾರ ಏನು ಮಾಡಬಲ್ಲದು ಎಂಬುದಕ್ಕೆ ಸ್ಕಾಟ್ಲೆಂಡ್ ಮತ್ತು ಇಂಗ್ಲೆಂಡಿನ ಟೈನ್‌ಸೈಡ್ ಪ್ರದೇಶದಲ್ಲಿ ಮೈಕ್ ಲೀನ್ ಮತ್ತು ರಾಯ್ ಟೇಲರ್ ಅವರು ನಡೆಸಿದ ಡೈರೆಕ್ಟ್ ಎಂಬ ಪ್ರಯೋಗ ಬಲವಾದ ಸಾಕ್ಷ್ಯ ಒದಗಿಸಿತು. ರೋಗ ಪತ್ತೆಯಾಗಿ ಆರು ವರ್ಷ ಮೀರದ, ಇನ್ಸುಲಿನ್ ತೆಗೆದುಕೊಳ್ಳದ 306 ಮಂದಿಯಲ್ಲಿ ಅರ್ಧದಷ್ಟು ಜನರಿಗೆ ಮಧುಮೇಹದ ಮಾತ್ರೆಗಳನ್ನು ನಿಲ್ಲಿಸಿ, ಮೂರರಿಂದ ಐದು ತಿಂಗಳು ದಿನಕ್ಕೆ ಸುಮಾರು 825ರಿಂದ 853 ಕಿಲೊಕ್ಯಾಲರಿಗಳಷ್ಟೇ ಇರುವ ದ್ರವಾಹಾರ ಕೊಟ್ಟು, ಬಳಿಕ ನಿಧಾನವಾಗಿ ಸಾಮಾನ್ಯ ಊಟಕ್ಕೆ ತರಲಾಯಿತು. 2017ರಲ್ಲಿ ಪ್ರಕಟವಾದ ಫಲಿತಾಂಶದಂತೆ ಒಂದು ವರ್ಷದ ಕೊನೆಗೆ ಆ ಗುಂಪಿನ ಶೇಕಡಾ 46 ಮಂದಿಯ ಎಚ್‌ಬಿಎ1ಸಿ ಯಾವ ಔಷಧವೂ ಇಲ್ಲದೆ 6.5ಕ್ಕಿಂತ ಕೆಳಗಿತ್ತು, ಸಾಮಾನ್ಯ ಚಿಕಿತ್ಸೆಯ ಗುಂಪಿನಲ್ಲಿ ಹೀಗಾದವರು ಶೇಕಡಾ 4 ಮಾತ್ರ. 15 ಕಿಲೊ ಅಥವಾ ಹೆಚ್ಚು ತೂಕ ಇಳಿಸಿದವರಲ್ಲಿ ಶೇಕಡಾ 86 ಮಂದಿ ಈ ಸ್ಥಿತಿ ತಲುಪಿದ್ದರು. ಯಕೃತ್ತಿನ ಮತ್ತು ಮೇದೋಜೀರಕ ಗ್ರಂಥಿಯ ಕೊಬ್ಬು ಕರಗಿದಾಗ ಬೀಟಾ ಕೋಶಗಳು ಮತ್ತೆ ಚೇತರಿಸಿಕೊಳ್ಳುತ್ತವೆ ಎಂಬುದು ಟೇಲರ್ ಅವರ ವಿವರಣೆ. ಇದನ್ನು ವೈದ್ಯರು ಗುಣವಾಯಿತು ಎನ್ನದೆ ಶಮನ ಎನ್ನುತ್ತಾರೆ, ಏಕೆಂದರೆ ಎರಡು ವರ್ಷಗಳ ಹೊತ್ತಿಗೆ ಆ ಪ್ರಮಾಣ ಶೇಕಡಾ 36ಕ್ಕೆ ಇಳಿಯಿತು, ತೂಕ ಮರಳಿದವರಲ್ಲಿ ಕಾಯಿಲೆಯೂ ಮರಳಿತು. ಪಾಲ್ಗೊಂಡವರೆಲ್ಲ ಅಧಿಕ ತೂಕದವರು ಅಥವಾ ಸ್ಥೂಲಕಾಯರಾಗಿದ್ದರು ಎಂಬುದನ್ನು ಮರೆತು, 58 ಕಿಲೊ ತೂಗುವ ರೈತನಿಗೋ ಬೀಡಿ ಕಟ್ಟುವ ಮಹಿಳೆಗೋ ಇದೇ ಸೂತ್ರವನ್ನು ಅನ್ವಯಿಸಿ ಹಸಿವಿನಲ್ಲಿಡುವುದು ತಪ್ಪು. ಆದರೆ ಹೊಟ್ಟೆಯ ಸುತ್ತ ಕೊಬ್ಬು ತುಂಬಿರುವ, ಇತ್ತೀಚೆಗಷ್ಟೇ ರೋಗ ಪತ್ತೆಯಾದ ನಲವತ್ತರ ವಯಸ್ಸಿನವರಿಗೆ ಈ ಸಾಧ್ಯತೆಯನ್ನು ತಿಳಿಸದೆ ಬಿಡುವುದೂ ಅಷ್ಟೇ ತಪ್ಪು.

ಇಲ್ಲಿಂದ ಕರ್ನಾಟಕದ ತಟ್ಟೆಯ ಕಡೆಗೆ ತಿರುಗಿದರೆ, ಚರ್ಚೆ ಬಹುಮಟ್ಟಿಗೆ ಅಕ್ಕಿಯೋ ರಾಗಿಯೋ ಎಂಬಲ್ಲಿಗೆ ಬಂದು ನಿಂತಿರುವುದು ಕಾಣುತ್ತದೆ. ಹೈದರಾಬಾದಿನ ರಾಷ್ಟ್ರೀಯ ಪೋಷಣ ಸಂಸ್ಥೆಯು 2017ರಲ್ಲಿ ಪ್ರಕಟಿಸಿದ ಆಹಾರ ಸಂಯೋಜನೆಯ ಕೋಷ್ಟಕಗಳ ಪ್ರಕಾರ ನೂರು ಗ್ರಾಂ ಬಿಳಿ ಅಕ್ಕಿಯಲ್ಲಿ ಸುಮಾರು 78 ಗ್ರಾಂ ಶರ್ಕರಪಿಷ್ಟ, ಅಂದರೆ ಕಾರ್ಬೊಹೈಡ್ರೇಟ್, ಮತ್ತು ಸುಮಾರು 3 ಗ್ರಾಂ ನಾರಿನಂಶ ಇದ್ದರೆ, ನೂರು ಗ್ರಾಂ ರಾಗಿಯಲ್ಲಿ ಸುಮಾರು 67 ಗ್ರಾಂ ಶರ್ಕರಪಿಷ್ಟ ಮತ್ತು ಸುಮಾರು 11 ಗ್ರಾಂ ನಾರು ಇವೆ. ಜೋಳದ ಅಂಕಿಗಳು ರಾಗಿಗೆ ಹತ್ತಿರವಾಗಿವೆ. ರಾಗಿಯ ಮೇಲುಗೈ ನಿಜ: ನಾರು ಜೀರ್ಣಕ್ರಿಯೆಯನ್ನು ನಿಧಾನಗೊಳಿಸುತ್ತದೆ, ಸಿಪ್ಪೆಯಲ್ಲಿರುವ ಪಾಲಿಫಿನಾಲ್‌ಗಳು ಪಿಷ್ಟವನ್ನು ಒಡೆಯುವ ಕಿಣ್ವಗಳನ್ನು ಒಂದಿಷ್ಟು ತಡೆಯುತ್ತವೆ, ಜೊತೆಗೆ ನೂರು ಗ್ರಾಂಗೆ ಸುಮಾರು 364 ಮಿಲಿಗ್ರಾಂ ಸುಣ್ಣದಂಶ ದೊರೆಯುತ್ತದೆ. ಆದರೆ ಎರಡು ದೊಡ್ಡ ಮುದ್ದೆಗಳಲ್ಲಿ ಹೋಗುವ ಪಿಷ್ಟವು ಒಂದು ಹಿತವಾದ ಬಟ್ಟಲು ಅನ್ನದಲ್ಲಿ ಹೋಗುವುದಕ್ಕಿಂತ ಹೆಚ್ಚೇ ಎಂಬ ಸರಳ ಲೆಕ್ಕವನ್ನು ರಾಗಿಯ ಮೇಲಿನ ಅಭಿಮಾನ ಮರೆಸಬಾರದು. ನುಣ್ಣಗೆ ಬೀಸಿದ ಹಿಟ್ಟಿನ ಗಂಜಿ ಮತ್ತು ಮಾಲ್ಟು ಬೇಗ ಜೀರ್ಣವಾಗಿ ಸಕ್ಕರೆಯನ್ನು ಬೇಗನೆ ಏರಿಸುತ್ತವೆ. ಅದೇ ರಾಗಿ ಬಸ್ಸಾರು, ಸೊಪ್ಪಿನ ಪಲ್ಯ, ಅವರೆ ಅಥವಾ ಹುರುಳಿಕಾಳಿನ ಜೊತೆಗೆ ಮಿತವಾದ ಮುದ್ದೆಯಾಗಿ ಬಂದಾಗ ಏರಿಕೆ ನಿಧಾನವಾಗುತ್ತದೆ. ಉತ್ತರ ಕರ್ನಾಟಕದ ಜೋಳದ ರೊಟ್ಟಿ, ಝುಣಕ, ಹಸಿ ಸೊಪ್ಪು, ಮೊಳಕೆ ಹೆಸರುಕಾಳಿನ ಊಟದಲ್ಲಿಯೂ ಕರಾವಳಿಯ ಕುಚ್ಚಲಕ್ಕಿ ಮತ್ತು ಮೀನಿನ ಊಟದಲ್ಲಿಯೂ ಒಳ್ಳೆಯ ಅಡಿಪಾಯವಿದೆ. ಕೆಡುಕು ಬಂದಿರುವುದು ತಟ್ಟೆಯಲ್ಲಿ ಧಾನ್ಯದ ರಾಶಿ ಬೆಳೆದು, ಕಾಳು ಮತ್ತು ತರಕಾರಿ ಬರಿಯ ವ್ಯಂಜನದ ಮಟ್ಟಕ್ಕೆ ಇಳಿದದ್ದರಿಂದ.

ಈ ಮಾತಿಗೆ ಪೂರಕವಾದ ಅಂಕಿಗಳೂ ಇವೆ. 21 ದೇಶಗಳ 1,32,373 ಜನರನ್ನು ಹಿಂಬಾಲಿಸಿ 2020ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ, ಬೆಂದ ಬಿಳಿ ಅನ್ನವನ್ನು ದಿನಕ್ಕೆ 450 ಗ್ರಾಂ ಅಥವಾ ಹೆಚ್ಚು ಉಣ್ಣುವ ದಕ್ಷಿಣ ಏಷ್ಯಾದವರಿಗೆ 150 ಗ್ರಾಂಗಿಂತ ಕಡಿಮೆ ಉಣ್ಣುವವರಿಗಿಂತ ಮಧುಮೇಹ ಬರುವ ಸಂಭವ ಶೇಕಡಾ 61ರಷ್ಟು ಹೆಚ್ಚಿತ್ತು. ಭಾರತೀಯ ಸಮೀಕ್ಷೆಯ ಆಹಾರ ವಿವರಗಳನ್ನು ಗಣಿತದ ಮಾದರಿಗೆ ಅಳವಡಿಸಿ 2022ರಲ್ಲಿ ಮಾಡಿದ ಲೆಕ್ಕವು, ಹೊಸದಾಗಿ ರೋಗ ಪತ್ತೆಯಾದವರಲ್ಲಿ ಶಮನ ಸಾಧ್ಯವಾಗಬೇಕಾದರೆ ದಿನದ ಶಕ್ತಿಯಲ್ಲಿ ಶರ್ಕರಪಿಷ್ಟದ ಪಾಲನ್ನು ಶೇಕಡಾ 49–54ರ ಮಟ್ಟಕ್ಕೆ ಇಳಿಸಿ, ಪ್ರೊಟೀನಿನ ಪಾಲನ್ನು ಶೇಕಡಾ 19–20ರ ಮಟ್ಟಕ್ಕೆ ಏರಿಸಬೇಕೆಂದು ಸೂಚಿಸಿತು. ಇದು ಮಾದರಿಯ ಲೆಕ್ಕವೇ ಹೊರತು ಪ್ರಯೋಗದ ಫಲವಲ್ಲ. ಆದರೂ ಅದರ ವಿವೇಕ ಮೆಚ್ಚತಕ್ಕದ್ದು, ಏಕೆಂದರೆ ಅನ್ನವನ್ನೇ ಬಿಟ್ಟುಬಿಡಿ ಎಂಬ ಪಾಲಿಸಲಾಗದ ಉಪದೇಶದ ಬದಲು, ಅನ್ನದಿಂದ ಒಂದು ಪಾಲು ತೆಗೆದು ಬೇಳೆ, ಕಾಳು, ಮೊಸರು, ಮೊಟ್ಟೆ ಅಥವಾ ಮೀನಿಗೆ ಕೊಡಿ ಎಂಬ, ಅಡುಗೆಮನೆಗೆ ಅರ್ಥವಾಗುವ ದಾರಿಯನ್ನು ಅದು ತೋರಿಸುತ್ತದೆ. ತರಕಾರಿ ಮತ್ತು ಕಾಳನ್ನು ಮೊದಲು ತಿಂದು ಧಾನ್ಯವನ್ನು ಕೊನೆಗೆ ಉಣ್ಣುವುದರಿಂದ, ಊಟದ ಬಳಿಕ ಹದಿನೈದು ಇಪ್ಪತ್ತು ನಿಮಿಷ ನಡೆಯುವುದರಿಂದ ಊಟದ ನಂತರದ ಏರಿಕೆ ತಗ್ಗುತ್ತದೆ ಎಂಬುದೂ ಸಿದ್ಧವಾದ ಸಂಗತಿ.

ಬೆಲ್ಲ ಮತ್ತು ಜೇನುತುಪ್ಪ ಸಕ್ಕರೆಗಿಂತ ಬೇರೆ ಎಂಬ ನಂಬಿಕೆಗೆ ಆಧಾರವಿಲ್ಲ. ರಕ್ತದ ಲೆಕ್ಕದಲ್ಲಿ ಅವೂ ಸಕ್ಕರೆಯೇ. ಹಾಗಲಕಾಯಿಯ ವಿಷಯದಲ್ಲಿ ಲಭ್ಯ ಪ್ರಯೋಗಗಳನ್ನೆಲ್ಲ ಪರಿಶೀಲಿಸಿದ ಕಾಕ್ರೇನ್ ವಿಮರ್ಶೆಯು ಚಿಕಿತ್ಸೆಯಾಗಿ ಸೂಚಿಸುವಷ್ಟು ಪುರಾವೆ ಇಲ್ಲವೆಂದಿತು. ನೀರಿಟ್ಟು ಕುಡಿಯುವ ಹೊನ್ನೆ ಮರದ ಲೋಟಗಳು ಇಂದಿಗೂ ಮಾರಾಟವಾಗುತ್ತವೆ. ಆ ಮರದ ಸಾರವನ್ನು ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯು 1990ರ ದಶಕದಲ್ಲಿ ಹೊಸ ರೋಗಿಗಳ ಮೇಲೆ ಪರೀಕ್ಷಿಸಿ ಆಶಾದಾಯಕ ಫಲ ಕಂಡಿತ್ತಾದರೂ, ಹೋಲಿಕೆಗೆ ಬೇರೊಂದು ಗುಂಪು ಇಲ್ಲದ ಅಧ್ಯಯನವಾಗಿದ್ದರಿಂದ ಅದರಿಂದ ಹೆಚ್ಚಿನ ತೀರ್ಮಾನಕ್ಕೆ ಬರಲಾಗುವುದಿಲ್ಲ. ಮೆಂತ್ಯವಾಗಲಿ ಹಾಗಲವಾಗಲಿ ಊಟದ ಭಾಗವಾಗಿ ಒಳ್ಳೆಯವೇ. ಹೆಸರಿಲ್ಲದ ಗಿಡಮೂಲಿಕೆಯ ಪುಡಿಗಳ ವಿಷಯದಲ್ಲಿ ಮಾತ್ರ ಕಟುವಾಗಿಯೇ ಹೇಳಬೇಕಾಗುತ್ತದೆ, ಏಕೆಂದರೆ ಅಂಥ ಪುಡಿಗಳಲ್ಲಿ ಆಧುನಿಕ ಮಾತ್ರೆಗಳನ್ನೇ ಗುಟ್ಟಾಗಿ ಬೆರೆಸಿದ್ದು ಪರೀಕ್ಷೆಗಳಲ್ಲಿ ಪತ್ತೆಯಾದ ಪ್ರಸಂಗಗಳು ಅನೇಕ, ಮತ್ತು ಅಳತೆಯಿಲ್ಲದ ಆ ಔಷಧದಿಂದ ಸಕ್ಕರೆ ಕುಸಿದು ಪ್ರಾಣಕ್ಕೆ ಸಂಚಕಾರ ಬರಬಹುದು.

ಔಷಧಗಳಲ್ಲಿ ಮೊದಲ ಸ್ಥಾನ ಇಂದಿಗೂ ಮೆಟ್‌ಫಾರ್ಮಿನ್ನಿಗೆ ಸಲ್ಲುತ್ತದೆ. ಯೂರೋಪಿನ ಗೆಲೆಗಾ ಎಂಬ ಗಿಡದಲ್ಲಿದ್ದ ಸಂಯುಕ್ತದ ಜಾಡು ಹಿಡಿದು ಬಂದ ಈ ವಸ್ತುವನ್ನು 1922ರಲ್ಲೇ ತಯಾರಿಸಲಾಗಿತ್ತಾದರೂ, ಫ್ರಾನ್ಸಿನ ಜಾನ್ ಸ್ಟರ್ನ್ ಎಂಬ ವೈದ್ಯರು ರೋಗಿಗಳಲ್ಲಿ ಬಳಸಿ ಫಲವನ್ನು ಪ್ರಕಟಿಸಿದ್ದು 1957ರಲ್ಲಿ. ಅದರ ಸೋದರ ಔಷಧವಾದ ಫೆನ್‌ಫಾರ್ಮಿನ್ ರಕ್ತದಲ್ಲಿ ಲ್ಯಾಕ್ಟಿಕ್ ಆಮ್ಲ ಹೆಚ್ಚಿಸಿ ಸಾವುಗಳಿಗೆ ಕಾರಣವಾಗಿ 1970ರ ದಶಕದ ಕೊನೆಗೆ ಅಮೆರಿಕದ ಮಾರುಕಟ್ಟೆಯಿಂದ ಹೊರಬಿದ್ದಾಗ ಇದರ ಮೇಲೂ ಶಂಕೆ ಕವಿಯಿತು. ಟರ್ನರ್ ಮತ್ತು ಹೋಲ್ಮನ್ ಅವರ ಬ್ರಿಟಿಷ್ ಅಧ್ಯಯನವು ಸ್ಥೂಲಕಾಯದ ರೋಗಿಗಳಲ್ಲಿ ಒಟ್ಟು ಸಾವನ್ನು ಇದು ಶೇಕಡಾ 36ರಷ್ಟು ತಗ್ಗಿಸಿತೆಂದು 1998ರಲ್ಲಿ ತೋರಿಸಿದ ಮೇಲೆ ಸಂದೇಹಗಳು ಬಹುಪಾಲು ತೊಲಗಿದವು. ಇದು ಮುಖ್ಯವಾಗಿ ಯಕೃತ್ತು ಹೊರಬಿಡುವ ಗ್ಲೂಕೋಸನ್ನು ತಗ್ಗಿಸುತ್ತದೆ, ತೂಕ ಏರಿಸುವುದಿಲ್ಲ, ಒಂಟಿಯಾಗಿ ಕೊಟ್ಟಾಗ ಸಕ್ಕರೆಯನ್ನು ಅಪಾಯದ ಮಟ್ಟಕ್ಕೆ ಇಳಿಸುವುದು ಅಪರೂಪ, ಬೆಲೆಯೂ ಅಗ್ಗ. ಹೊಟ್ಟೆ ಕೆಡುವುದು ಆರಂಭದ ತೊಂದರೆ. ಊಟದ ಜೊತೆಗೆ ಸಣ್ಣ ಪ್ರಮಾಣದಿಂದ ಶುರುಮಾಡಿದರೆ ಹೆಚ್ಚಿನವರಿಗೆ ಒಗ್ಗುತ್ತದೆ. ಕಿಡ್ನಿ ಹಾಳಾಗುತ್ತದೆಂಬ ಭಯದಿಂದ ಇದನ್ನು ಬಿಡುವವರು ಬಹಳ. ವಾಸ್ತವದಲ್ಲಿ ಮೂತ್ರಪಿಂಡವನ್ನು ಕೆಡಿಸುವುದು ಹತೋಟಿ ತಪ್ಪಿದ ಸಕ್ಕರೆ ಮತ್ತು ರಕ್ತದೊತ್ತಡ, ಮೂತ್ರಪಿಂಡ ಈಗಾಗಲೇ ತೀವ್ರವಾಗಿ ಸೋತಿದ್ದರೆ ಮಾತ್ರ ಮೆಟ್‌ಫಾರ್ಮಿನ್ ನಿಲ್ಲಿಸಬೇಕಾಗುತ್ತದೆ. ದೀರ್ಘಕಾಲದ ಬಳಕೆಯಿಂದ ಬಿ12 ಜೀವಸತ್ವ ಕುಗ್ಗುವುದಂತೂ ನಿಜವಾದ ಸಮಸ್ಯೆ. ಸಸ್ಯಾಹಾರಿಗಳಲ್ಲಿ ಅದು ಮೊದಲೇ ಕಡಿಮೆಯಿರುವುದರಿಂದ, ಕಾಲುರಿ ಮತ್ತು ಜೋಮನ್ನು ಮಧುಮೇಹದ ನರದೌರ್ಬಲ್ಯವೆಂದೇ ತೀರ್ಮಾನಿಸುವ ಮುನ್ನ ಬಿ12 ಮಟ್ಟವನ್ನು ನೋಡುವುದು ವಿಹಿತ.

ಗ್ಲಿಬೆನ್‌ಕ್ಲಮೈಡ್, ಗ್ಲಿಕ್ಲಜೈಡ್, ಗ್ಲಿಮೆಪಿರೈಡ್ ಮುಂತಾದವು ಸಲ್ಫೊನಿಲ್‌ಯೂರಿಯಾ ವರ್ಗದವು. 1942ರಲ್ಲಿ ಫ್ರಾನ್ಸಿನ ಮಾಂಪೆಲಿಯೆ ನಗರದಲ್ಲಿ ವಿಷಮಶೀತ ಜ್ವರಕ್ಕೆ ಕೊಟ್ಟ ಸಲ್ಫಾ ಔಷಧದಿಂದ ರೋಗಿಗಳ ಸಕ್ಕರೆ ಕುಸಿದದ್ದನ್ನು ಕಂಡು ಹುಟ್ಟಿದ ಈ ವರ್ಗವು ಬೀಟಾ ಕೋಶಗಳನ್ನು ಒತ್ತಾಯಿಸಿ ಇನ್ಸುಲಿನ್ ಹೊರಡಿಸುತ್ತದೆ. ಅಗ್ಗ, ಪರಿಣಾಮಕಾರಿ, ಆದರೆ ಊಟ ತಪ್ಪಿದ ದಿನವೂ ಅದೇ ಒತ್ತಾಯ ನಡೆಯುವುದರಿಂದ ಸಕ್ಕರೆ ಕುಸಿಯುವ ಭಯ ಇದರ ಬೆನ್ನಿಗೇ ಇರುತ್ತದೆ. ಸಿಟಾಗ್ಲಿಪ್ಟಿನ್, ವಿಲ್ಡಾಗ್ಲಿಪ್ಟಿನ್, ಟೆನೆಲಿಗ್ಲಿಪ್ಟಿನ್ ಎಂಬ ಗ್ಲಿಪ್ಟಿನ್‌ಗಳು ಸೌಮ್ಯವಾದವು, ಪರಿಣಾಮವೂ ಸಾಧಾರಣ. ರೋಸಿಗ್ಲಿಟಜೋನಿನ ಕಥೆ ಮಾತ್ರ ಹೆಚ್ಚಿನ ಗಮನಕ್ಕೆ ಅರ್ಹ: ಸಕ್ಕರೆಯನ್ನು ಚೆನ್ನಾಗಿಯೇ ಇಳಿಸುತ್ತಿದ್ದ ಈ ಮಾತ್ರೆಯಿಂದ ಹೃದಯಾಘಾತ ಹೆಚ್ಚಬಹುದೆಂಬ ವಿಶ್ಲೇಷಣೆ 2007ರಲ್ಲಿ ಹೊರಬಂದು, ವಿವಾದ ಬೆಳೆದು, 2010ರಲ್ಲಿ ಯೂರೋಪಿನಲ್ಲಿಯೂ ಭಾರತದಲ್ಲಿಯೂ ಅದನ್ನು ಹಿಂತೆಗೆದರು. ರಕ್ತದ ಒಂದು ಅಂಕಿಯನ್ನು ಇಳಿಸುವುದೂ ಮನುಷ್ಯನನ್ನು ಉಳಿಸುವುದೂ ಒಂದೇ ಅಲ್ಲವೆಂಬ ಅರಿವಿನಿಂದ, 2008ರ ಕೊನೆಯಲ್ಲಿ ಅಮೆರಿಕದ ನಿಯಂತ್ರಣ ಸಂಸ್ಥೆಯು ಹೊಸ ಔಷಧಗಳು ಹೃದಯಕ್ಕೆ ಸುರಕ್ಷಿತವೆಂದು ತೋರಿಸಬೇಕೆಂಬ ನಿಯಮ ತಂದಿತು.

ಹಾನಿಯಿಲ್ಲವೆಂದು ಸಾಬೀತುಪಡಿಸಲು ಹೊರಟ ಆ ಪ್ರಯೋಗಗಳೇ ಅನಿರೀಕ್ಷಿತವಾದ ಒಳಿತನ್ನು ಬೆಳಕಿಗೆ ತಂದವು. ಹೆಚ್ಚುವರಿ ಗ್ಲೂಕೋಸನ್ನು ಮೂತ್ರದ ಮೂಲಕ ಹೊರಹಾಕುವ ಎಂಪಾಗ್ಲಿಫ್ಲೋಜಿನ್ ಎಂಬ ಮಾತ್ರೆಯನ್ನು ಹೃದ್ರೋಗವಿದ್ದ 7,020 ಮಧುಮೇಹಿಗಳಲ್ಲಿ ಪರೀಕ್ಷಿಸಿದಾಗ, ಹೃದಯ ಸಂಬಂಧಿ ಸಾವು ಶೇಕಡಾ 38ರಷ್ಟು ಕಡಿಮೆಯಾದದ್ದು 2015ರಲ್ಲಿ ಕಂಡುಬಂತು. ಈ ವರ್ಗದ ಔಷಧಗಳು ಮೂತ್ರಪಿಂಡದ ಕುಸಿತವನ್ನೂ ನಿಧಾನಗೊಳಿಸುತ್ತವೆಂಬುದು ಬಳಿಕ ಖಚಿತವಾಯಿತು. ಕರುಳಿನಿಂದ ಹೊರಡುವ ಜಿಎಲ್‌ಪಿ-1 ಎಂಬ ಹಾರ್ಮೋನನ್ನು ಅನುಕರಿಸುವ ಲಿರಾಗ್ಲುಟೈಡ್, ಸೆಮಾಗ್ಲುಟೈಡ್ ಮುಂತಾದವು ಹಸಿವನ್ನು ತಗ್ಗಿಸಿ, ತೂಕವನ್ನು ಗಮನಾರ್ಹವಾಗಿ ಇಳಿಸಿ, ಹೃದಯವನ್ನೂ ಕಾಯುತ್ತವೆ. ಪಥ್ಯ ಮತ್ತು ಔಷಧದ ನಡುವಿನ ಗೆರೆಯೇ ಇಲ್ಲಿ ಮಸುಕಾಗುತ್ತದೆ, ಏಕೆಂದರೆ ಈ ಔಷಧ ಬಹುಮಟ್ಟಿಗೆ ಊಟವನ್ನು ಕಡಿಮೆ ಮಾಡಿಸಿಯೇ ಕೆಲಸ ಮಾಡುತ್ತದೆ. ಹಸಿವು ತಗ್ಗಿದವರು ತಿನ್ನುವ ಅಲ್ಪದರಲ್ಲಿ ಪ್ರೊಟೀನ್ ಇರದಿದ್ದರೆ ಕೊಬ್ಬಿನೊಂದಿಗೆ ಸ್ನಾಯುವೂ ಕರಗುತ್ತದೆ, ಮೊದಲೇ ಸ್ನಾಯು ಕಡಿಮೆಯಿರುವ ಭಾರತೀಯ ದೇಹಕ್ಕೆ ಇದು ಸಣ್ಣ ವಿಷಯವಲ್ಲ.

ಇನ್ಸುಲಿನ್ ಚುಚ್ಚುಮದ್ದನ್ನು ಕೊನೆಗಾಲದ ಔಷಧವೆಂದು ಹೆದರುವ ಪರಿಪಾಟ ಇನ್ನೂ ಅಳಿದಿಲ್ಲ. ಬೀಟಾ ಕೋಶಗಳ ಶಕ್ತಿ ಬತ್ತಿದ ಮೇಲೆ ದೇಹಕ್ಕೆ ಬೇಕಾದದ್ದನ್ನೇ ಹೊರಗಿನಿಂದ ಕೊಡುವ ಕ್ರಮವಿದು. ತಿಂಗಳುಗಟ್ಟಲೆ ಸಕ್ಕರೆ 300ರ ಆಸುಪಾಸಿನಲ್ಲಿ ಇದ್ದು, ಮೈಯಿಳಿದು ಬಡಕಲಾದ ರೋಗಿಯು ಇನ್ನಷ್ಟು ಪಥ್ಯ ಬಿಗಿ ಮಾಡಿ ಇದನ್ನು ಮುಂದೂಡುವುದು ಆತ್ಮಘಾತುಕ. ಬೆಂಗಳೂರಿನ ಬಯೋಕಾನ್ ಸಂಸ್ಥೆಯು ಯೀಸ್ಟ್ ಕೋಶಗಳ ಮೂಲಕ ಮಾನವ ಇನ್ಸುಲಿನ್ ತಯಾರಿಸಿ 2004ರಲ್ಲಿ ಮಾರುಕಟ್ಟೆಗೆ ತಂದದ್ದು ದೇಶದಲ್ಲಿ ಇನ್ಸುಲಿನ್ನಿನ ಲಭ್ಯತೆಯ ದೃಷ್ಟಿಯಿಂದ ಮುಖ್ಯ ಹೆಜ್ಜೆ. ರಾಯಚೂರು, ಕಲಬುರಗಿಗಳ ಬೇಸಿಗೆಯಲ್ಲಿ ಫ್ರಿಜ್ ಇಲ್ಲದ ಮನೆಯಲ್ಲಿ ಇನ್ಸುಲಿನ್ ಕೆಡದಂತೆ ಇಡಲು ತೇವದ ಮಣ್ಣಿನ ಮಡಕೆ ಉಪಯುಕ್ತವೆಂಬುದನ್ನು ಔಷಧ ಬರೆದುಕೊಡುವಾಗಲೇ ತಿಳಿಸಬೇಕು.

ಆಹಾರ ಮತ್ತು ಔಷಧ ಒಂದನ್ನೊಂದು ಅವಲಂಬಿಸಿರುವುದು ಉಪವಾಸದ ದಿನಗಳಲ್ಲಿ ನಿಚ್ಚಳವಾಗುತ್ತದೆ. ಏಕಾದಶಿ, ಶಿವರಾತ್ರಿ ಅಥವಾ ರಂಜಾನಿನ ಉಪವಾಸ ಹಿಡಿದು, ಮಾತ್ರೆ ಮಾತ್ರ ತಪ್ಪಿಸಬಾರದೆಂಬ ಶ್ರದ್ಧೆಯಿಂದ ಗ್ಲಿಮೆಪಿರೈಡನ್ನೋ ಇನ್ಸುಲಿನ್ನನ್ನೋ ಎಂದಿನಂತೆ ತೆಗೆದುಕೊಂಡರೆ ಸಕ್ಕರೆ 70ಕ್ಕಿಂತ ಕೆಳಗಿಳಿದು ನಡುಕ, ಬೆವರು, ಮಂಕು ಕವಿಯಬಹುದು. ಆಗ ಎಚ್ಚರವಿದ್ದರೆ ಕೂಡಲೇ ಮೂರು ಚಮಚ ಸಕ್ಕರೆ ಅಥವಾ ಗ್ಲೂಕೋಸ್ ನೀರಿನಲ್ಲಿ ಕೊಟ್ಟು, ಹದಿನೈದು ನಿಮಿಷದ ಬಳಿಕ ಮತ್ತೆ ಪರೀಕ್ಷಿಸಬೇಕು. ಯೂಟ್ಯೂಬಿನ ಸಲಹೆ ನಂಬಿ ಒಮ್ಮೆಗೇ ಅನ್ನ, ರೊಟ್ಟಿ ಎಲ್ಲವನ್ನೂ ಬಿಟ್ಟವರು ಎಂಪಾಗ್ಲಿಫ್ಲೋಜಿನ್ ವರ್ಗದ ಮಾತ್ರೆಯನ್ನು ಮುಂದುವರಿಸಿದರೆ ಬೇರೊಂದು ಅಪಾಯವಿದೆ: ಸಕ್ಕರೆಯ ಅಂಕಿ ಹೆಚ್ಚೇನೂ ಏರದಿದ್ದರೂ ರಕ್ತದಲ್ಲಿ ಕೀಟೋನ್ ಆಮ್ಲಗಳು ಸೇರಿ, ವಾಂತಿ ಮತ್ತು ಏದುಸಿರಿನಿಂದ ಆಸ್ಪತ್ರೆ ಸೇರಬೇಕಾದೀತು. ಪಥ್ಯ ಬದಲಾಯಿಸುವ ಮುನ್ನ ಔಷಧದ ಪಟ್ಟಿಯನ್ನು ವೈದ್ಯರ ಮುಂದಿಡಬೇಕೆಂಬ ನಿಯಮವನ್ನು ಆಹಾರ ತಜ್ಞರೂ ರೋಗಿಗಳೂ ಸಮನಾಗಿ ಪಾಲಿಸಬೇಕಾದದ್ದು ಈ ಕಾರಣಕ್ಕೆ.

ಎಷ್ಟು ಇಳಿಸಬೇಕು ಎಂಬ ಪ್ರಶ್ನೆಗೂ ಒಂದೇ ಉತ್ತರವಿಲ್ಲ. ಅಮೆರಿಕ ಮತ್ತು ಕೆನಡಾದ 10,251 ಮಂದಿಯಲ್ಲಿ ಎಚ್‌ಬಿಎ1ಸಿಯನ್ನು 6ಕ್ಕಿಂತ ಕೆಳಗಿಳಿಸಲು ಹಟತೊಟ್ಟ ಅಕಾರ್ಡ್ ಪ್ರಯೋಗದ ಬಿಗಿ ಚಿಕಿತ್ಸೆಯನ್ನು, ಆ ಗುಂಪಿನಲ್ಲಿ ಸಾವು ಶೇಕಡಾ 22ರಷ್ಟು ಹೆಚ್ಚು ಕಂಡದ್ದರಿಂದ, 2008ರಲ್ಲಿ ನಡುವೆಯೇ ನಿಲ್ಲಿಸಬೇಕಾಯಿತು. ಅವರು ಸರಾಸರಿ ಹತ್ತು ವರ್ಷಗಳಿಂದ ಕಾಯಿಲೆಯಿದ್ದ, ಹೃದ್ರೋಗದ ಅಪಾಯ ಹೆಚ್ಚಿದ್ದ ಹಿರಿಯರು. ಸಾಮಾನ್ಯವಾಗಿ ಶೇಕಡಾ 7ರ ಸುತ್ತಮುತ್ತ ಎಂಬುದು ಇಂದಿನ ಒಪ್ಪಿತ ಗುರಿ. ಆ ಅಂಕಿಯನ್ನು ಓದುವಾಗಲೂ ಎಚ್ಚರ ಬೇಕು: ಕಬ್ಬಿಣಾಂಶದ ಕೊರತೆಯ ರಕ್ತಹೀನತೆಯಲ್ಲಿ ಎಚ್‌ಬಿಎ1ಸಿ ಇರುವುದಕ್ಕಿಂತ ಹೆಚ್ಚು ತೋರಬಹುದು, ಮತ್ತು 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಂತೆ ದೇಶದ 15ರಿಂದ 49 ವರ್ಷದ ಮಹಿಳೆಯರಲ್ಲಿ ಶೇಕಡಾ 57 ಮಂದಿಗೆ ರಕ್ತಹೀನತೆಯಿದೆ. ಸಕ್ಕರೆಯೊಂದನ್ನೇ ನೋಡುವುದೂ ಸಾಲದು. ಡೆನ್ಮಾರ್ಕಿನ ಸ್ಟೆನೊ ಅಧ್ಯಯನದಲ್ಲಿ 160 ರೋಗಿಗಳ ಪೈಕಿ ಸಕ್ಕರೆ, ರಕ್ತದೊತ್ತಡ, ಕೊಲೆಸ್ಟರಾಲ್ ಮೂರನ್ನೂ ಒಟ್ಟಿಗೆ ಹತೋಟಿಗೆ ತಂದ ಗುಂಪಿನವರು 21 ವರ್ಷಗಳ ಲೆಕ್ಕದಲ್ಲಿ ಇನ್ನೊಂದು ಗುಂಪಿನವರಿಗಿಂತ ಸುಮಾರು ಎಂಟು ವರ್ಷ ಹೆಚ್ಚು ಬದುಕಿದರು. ಭಾರತದಲ್ಲಿ ತಮಗೆ ಮಧುಮೇಹವಿದೆಯೆಂದು ಗೊತ್ತಿರುವವರಲ್ಲಿಯೂ ಈ ಮೂರೂ ಗುರಿಯನ್ನು ಒಟ್ಟಿಗೆ ಮುಟ್ಟಿದವರು ನೂರಕ್ಕೆ ಎಂಟಕ್ಕೂ ಕಡಿಮೆ ಎಂಬುದು ವೈದ್ಯಕೀಯ ಸಂಶೋಧನಾ ಮಂಡಳಿಯ ರಾಷ್ಟ್ರೀಯ ಸಮೀಕ್ಷೆಯಿಂದ ತಿಳಿದುಬಂದ ದುಃಖಕರ ಸಂಗತಿ. ದುಬಾರಿ ಹೊಸ ಔಷಧಗಳ ಮಾತಿಗಿಂತ ಮೊದಲು, ಅಗ್ಗವಾಗಿ ಸಿಗುವ ರಕ್ತದೊತ್ತಡದ ಮಾತ್ರೆ ಮತ್ತು ಕೊಲೆಸ್ಟರಾಲ್ ಇಳಿಸುವ ಸ್ಟ್ಯಾಟಿನ್ ಎಲ್ಲರಿಗೂ ನಿಯಮಿತವಾಗಿ ತಲುಪಬೇಕಾಗಿದೆ.

ವಯಸ್ಸು ಎಪ್ಪತ್ತೈದು ದಾಟಿದವರಲ್ಲಿ ಲೆಕ್ಕ ಮತ್ತೆ ಬದಲಾಗುತ್ತದೆ. ಹಲ್ಲು ಬಿದ್ದು, ರುಚಿ ಕುಂದಿ, ಊಟ ಅರ್ಧಕ್ಕಿಳಿದ ಹಿರಿಯರಿಗೆ ಮೂವತ್ತು ವರ್ಷಗಳ ಹಿಂದಿನ ಪಥ್ಯದ ಪಟ್ಟಿಯನ್ನೇ ಹೇರಿದರೆ ಸ್ನಾಯು ಕರಗಿ ಬಲ ಉಡುಗುತ್ತದೆ. ಮೂತ್ರಪಿಂಡದ ಶಕ್ತಿ ತಗ್ಗಿದಾಗ ಹಳೆಯ ಪ್ರಮಾಣದ ಮಾತ್ರೆಯೇ ದೇಹದಲ್ಲಿ ಹೆಚ್ಚು ಹೊತ್ತು ಉಳಿದು, ಗ್ಲಿಬೆನ್‌ಕ್ಲಮೈಡಿನಂಥ ದೀರ್ಘ ಪರಿಣಾಮದ ಔಷಧ ರಾತ್ರಿಯ ಹೊತ್ತು ಸಕ್ಕರೆಯನ್ನು ಕುಸಿಯುವಂತೆ ಮಾಡಿ ಬೀಳುವಿಕೆಗೂ ಮೂಳೆ ಮುರಿತಕ್ಕೂ ದಾರಿ ಮಾಡುತ್ತದೆ. ದುರ್ಬಲರಾದ ಹಿರಿಯರಲ್ಲಿ ಎಚ್‌ಬಿಎ1ಸಿ ಶೇಕಡಾ 8ರ ಆಸುಪಾಸಿನಲ್ಲಿದ್ದರೆ ಸಾಕೆಂದು ಮಾರ್ಗಸೂಚಿಗಳು ಹೇಳುವುದು ಇದಕ್ಕಾಗಿಯೇ. ಅಲ್ಲಿ ವೈದ್ಯರ ಕೆಲಸ ಹೊಸ ಮಾತ್ರೆ ಸೇರಿಸುವುದಕ್ಕಿಂತ ಹಳೆಯ ಮಾತ್ರೆಗಳಲ್ಲಿ ಯಾವುದನ್ನು ತೆಗೆಯಬಹುದೆಂದು ನೋಡುವುದು, ಮನೆಯವರ ಕೆಲಸ ಅವರ ತಟ್ಟೆಗೆ ಒಂದು ಮೊಟ್ಟೆಯನ್ನೋ ಒಂದು ಬಟ್ಟಲು ಮೊಸರನ್ನೋ ಮರಳಿ ಸೇರಿಸುವುದು.